ಸುಂದರರಾಜ ತೆಗೆದಿಟ್ಟ ಹಿತ್ತಾಳೆಯ ತುಂಡು

ಅರಸೀಕೆರೆಯಿಂದ ಬೇಲೂರಿನವರೆಗೆ ಇಂಜಿನ್ನಿನ ಮುಚ್ಚಳ ಎತ್ತುವ ಯೋಗ್ಯತೆ ಇರುವವನು ತಾನೊಬ್ಬನೇ ಎಂದು ಸುಂದರರಾಜ ನಂಬಿದ್ದ. ಉಳಿದವರ ಪಟ್ಟಿ ಅವನ ನಾಲಗೆಯ ತುದಿಯಲ್ಲೇ ಇತ್ತು. ಬಸ್ ಸ್ಟ್ಯಾಂಡಿನ ಮೆಕ್ಯಾನಿಕ್ಕುಗಳು ಸುತ್ತಿಗೆ ಬಿಟ್ಟು ಬೇರೆ ಆಯುಧ ಕಾಣದವರು. ಲಾರಿ ಡ್ರೈವರುಗಳು ಎತ್ತಿನ ಬಾಲ ತಿರುಚಿದ ಕೈಯಲ್ಲೇ ಗೇರು ಹಾಕುವವರು. ಮೋಟಾರು ಇನ್‌ಸ್ಪೆಕ್ಟರು ಪುಸ್ತಕ ಓದಿ ಈಜು ಕಲಿತವರು.

ಅವನ ಮನೆತನದವರು ಬೇಲೂರಿನ ದೇವಸ್ಥಾನದ ಅಡುಗೆ ಸೇವೆಯವರು. ಅಣ್ಣ ಈಗಲೂ ಅಲ್ಲೇ ಪುಳಿಯೋಗರೆ ಕಲಸುತ್ತಿದ್ದ. ಸುಂದರರಾಜ ಮಾತ್ರ ಯುದ್ಧದ ಕಾಲದಲ್ಲಿ ಬೆಂಗಳೂರಿಗೆ ಹೋಗಿ ಮಿಲಿಟರಿಯ ಮೋಟಾರು ವರ್ಕ್‌ಶಾಪಿನಲ್ಲಿ ಮೂರು ವರ್ಷ ಇದ್ದು ಬಂದ. ಆ ಮೂರು ವರ್ಷ ಅಲ್ಲಿ ಏನು ಮಾಡಿದ ಎಂಬುದನ್ನು ಅವನು ಯಾರಿಗೂ ಬಿಡಿಸಿ ಹೇಳಿರಲಿಲ್ಲ. ಅದೇ ವರ್ಕ್‌ಶಾಪಿನಲ್ಲಿದ್ದ ಗಂಡಸಿ ಊರಿನ ಒಬ್ಬ, ಇವನು ಉಗ್ರಾಣದಲ್ಲಿ ಕೂತು ಸ್ಪ್ಯಾನರು ಎಣಿಸಿ ಕೊಡುತ್ತಿದ್ದ ಎಂದು ಒಮ್ಮೆ ಬಾಯಿಬಿಟ್ಟ. ಸುಂದರರಾಜ ಅವನೊಡನೆ ಮಾತು ಬಿಟ್ಟ.

ಹಳೇಬೀಡಿನ ಪ್ರಭಾಚಂದ್ರರಿಗೆ ಊರಲ್ಲಿ ತೆಂಗಿನ ತೋಟ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. 1955ರಲ್ಲಿ, ಕಾಫಿ ತೋಟ ಮಾರಿ ತನ್ನ ಸೀಮೆಗೆ ವಾಪಸು ಹೊರಟಿದ್ದ ಒಬ್ಬ ಬಿಳಿಯ ದೊರೆಯಿಂದ ಅವರು ಹಳೆಯ ಲ್ಯಾಂಡ್ ರೋವರ್ ಕೊಂಡರು. ಅದನ್ನು ಓಡಿಸಲು ಸುಂದರರಾಜನನ್ನು ಇಟ್ಟುಕೊಂಡರು. ಊರಿನವರು ಗಾಡಿಯನ್ನು ಜೀಪು ಎಂದೇ ಕರೆದರು. ಹಾಗೆ ಕರೆದವರನ್ನು ಸುಂದರರಾಜ ಮೊದಮೊದಲು ತಿದ್ದಿ, ಆಮೇಲೆ ಕನಿಕರದಿಂದ ನೋಡಿ, ಕೊನೆಗೆ ತಾನೂ ಜೀಪು ಎನ್ನತೊಡಗಿದ.

ಸ್ಟೇರಿಂಗಿನ ಪಕ್ಕದಲ್ಲಿ, ಕಾಲಿನ ಹತ್ತಿರ, ದುಂಡನೆಯ ಒಂದು ತಗಡಿನ ಡಬ್ಬಿ ಇತ್ತು. ಅದು ಹೀಟರು. ಇಂಜಿನ್ನಿನಲ್ಲಿ ಕಾದ ನೀರು ಅದರೊಳಗೆ ಹಾದುಹೋಗುತ್ತದೆ, ಒಳಗಿನ ಸಣ್ಣ ಫ್ಯಾನು ಬಿಸಿಗಾಳಿ ಊದುತ್ತದೆ. ಎರಡು ಕೊಳವೆಗಳು ಆ ಗಾಳಿಯನ್ನು ಎದುರುಗಾಜಿನ ಬುಡಕ್ಕೆ ಒಯ್ಯುತ್ತವೆ. ಚಳಿಯಲ್ಲಿ ಗಾಜಿಗೆ ಹಬೆ ಕಟ್ಟದಿರಲಿ ಎಂದು ದೊರೆ ಹಾಕಿಸಿಕೊಂಡಿದ್ದು. ಸುಂದರರಾಜ ಅದಕ್ಕೆ ‘ಬಾಣಂತಿ ಕೋಣೆ’ ಎಂದು ಹೆಸರಿಟ್ಟಿದ್ದ.

ಕೊಂಡ ವರ್ಷದ ಬೇಸಗೆಯಲ್ಲಿ ಜಾವಗಲ್ಲಿನ ಹತ್ತಿರ ಇಂಜಿನ್ನು ಕುದಿದು ನಿಂತಿತು. ಪ್ರಭಾಚಂದ್ರರು ಕೊಡೆ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತರು. ಸುಂದರರಾಜ ಸಡಿಲವಾಗಿದ್ದ ಫ್ಯಾನ್ ಬೆಲ್ಟನ್ನು ಬಿಗಿಮಾಡಿದ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ನೀರು ಇಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಬಾಯಲ್ಲಿ ಕೂತಿದ್ದ ಹಿತ್ತಾಳೆಯ ಒಂದು ತುಂಡನ್ನೂ ಅವನು ಕಿತ್ತು ತೆಗೆದ. ಅದು ಥರ್ಮೋಸ್ಟಾಟು.

“ನೋಡಿ ಯಜಮಾನ್ರೇ, ನೀರಿಗೆ ಅಡ್ಡ ಕೂತಿದೆ. ಅವರ ದೇಶದಲ್ಲಿ ಚಳಿ, ನೀರು ತಡೆದು ಕಾಯಿಸ್ಕೋತಾರೆ. ನಮಗ್ಯಾಕೆ ಈ ಅವಿವೇಕ?” ಎಂದು ಚಿಂದಿಯಲ್ಲಿ ಹಿಡಿದಿದ್ದ ಅದನ್ನು ಯಜಮಾನರ ಅಂಗೈಗೇ ಹಾಕಿದ.

ಗಾಡಿ ಮತ್ತೆ ಕುದಿಯಲಿಲ್ಲ. ಕೀರ್ತಿಯೆಲ್ಲ ಕಿತ್ತದ್ದಕ್ಕೆ ಬಂತು, ಬೆಲ್ಟಿಗೆ ಏನೂ ಬರಲಿಲ್ಲ. ಅಲ್ಲಿಂದ ಮುಂದೆ ಅವನ ಕೈಗೆ ಸಿಕ್ಕ ಗಾಡಿಗಳಿಂದೆಲ್ಲ ಆ ತುಂಡು ಹೊರಗೆ ಬಂತು. ಅವನನ್ನು ನೋಡಿ ಉಳಿದವರೂ ಕೀಳತೊಡಗಿದರು. ಹೊಸ ಲಾರಿ ಊರಿಗೆ ಬಂದರೆ ಮೊದಲು ನಿಂಬೆಹಣ್ಣು, ಎರಡನೆಯದು ಥರ್ಮೋಸ್ಟಾಟು ಕೀಳುವುದು ಎಂಬಷ್ಟು ಅದು ಪದ್ಧತಿಯಾಯಿತು. ಜೀಪಿನದನ್ನು ಅವನು ಗೆದ್ದ ಸಾಮಾನಿನಂತೆ ಮನೆಗೆ ತಂದ. ಅದರ ನೆತ್ತಿಯಲ್ಲಿ ಒಂದು ಸಣ್ಣ ತೂತಿತ್ತು. ಹೆಂಡತಿ ಕೋಮಲವಲ್ಲಿ ಅದನ್ನು ತಿರುಗಿಸಿ ನೋಡಿ, ತೊಳೆದು, ದೇವರ ಗೂಡಿನಲ್ಲಿಟ್ಟು ಊದುಬತ್ತಿ ಸಿಕ್ಕಿಸಿದಳು. ಏಳು ವರ್ಷ ಅದು ಅಲ್ಲೇ ಇತ್ತು.

ಬಾಣಂತಿ ಕೋಣೆ ಅಂದಿನಿಂದ ತಣ್ಣಗಾಯಿತು. ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಯಾರಿಗೂ ಅದು ಬೇಕಿರಲಿಲ್ಲ. ಮಂಜಿನ ದಿನಗಳಲ್ಲಿ ಸುಂದರರಾಜ ಎದುರುಗಾಜನ್ನು ಬಾನೆಟ್ಟಿನ ಮೇಲೆ ಮಡಿಸಿ, ತಲೆಗೆ ಮಫ್ಲರು ಸುತ್ತಿ ಓಡಿಸುತ್ತಿದ್ದ. ಮೂಗಿನ ತುದಿ ಕೆಂಪಾದಷ್ಟೂ ತಾನು ದೊಡ್ಡ ಡ್ರೈವರು ಎಂದುಕೊಳ್ಳುತ್ತಿದ್ದ.

1962ರ ಚಳಿಗಾಲಕ್ಕೆ ಪ್ರಭಾಚಂದ್ರರ ಎದೆ ಕೆಟ್ಟಿತು. ಥಂಡಿಗಾಳಿ ಸೋಕಕೂಡದು ಎಂದರು ಡಾಕ್ಟರು. ಮಂಡಿಗೆ ಹೋಗದೆ ನಡೆಯದು. ಗಾಜು ಮೇಲೆದ್ದಿತು, ಕ್ಯಾನ್ವಾಸಿನ ಪರದೆಗಳು ಮುಚ್ಚಿದವು. ಒಳಗೆ ಇಬ್ಬರ ಉಸಿರು. ಊರು ದಾಟುವ ಮೊದಲೇ ಗಾಜು ಮಜ್ಜಿಗೆ ಬಳಿದಂತಾಗುತ್ತಿತ್ತು. ಸುಂದರರಾಜ ಒಂದು ಕೈಯಲ್ಲಿ ಸ್ಟೇರಿಂಗು, ಒಂದು ಕೈಯಲ್ಲಿ ಚಿಂದಿ ಹಿಡಿದು ಒರೆಸುತ್ತ ಓಡಿಸಿದ. ಮಾರ್ಗಶಿರದ ಒಂದು ಬೆಳಗ್ಗೆ, ಜಾವಗಲ್ ದಾಟಿದ ಮೇಲಿನ ತಿರುವಿನಲ್ಲಿ, ಚಿಂದಿಯ ಕೈ ಎಡಕ್ಕೆ ಹೋದಾಗ ಗಾಡಿಯೂ ಎಡಕ್ಕೆ ಹೋಗಿ ಮೈಲಿಗಲ್ಲಿಗೆ ಬಡಿಯಿತು. ಮಡ್‌ಗಾರ್ಡು ಮುದುಡಿತು. ಪ್ರಭಾಚಂದ್ರರ ಹಣೆ ಊದಿತು.

“ಐನೋರೇ, ರಸ್ತೆ ಕಾಣ್ತಿತ್ತಾ?” ಎಂದು ಅವರು ಹಣೆ ಒತ್ತಿಕೊಳ್ಳುತ್ತ ಕೇಳಿದರು.

“ರಸ್ತೆ ಕಾಣ್ತಿತ್ತು ಯಜಮಾನ್ರೇ. ಕಲ್ಲು ಕಾಣ್ಲಿಲ್ಲ.”

ಪ್ರಭಾಚಂದ್ರರು ದನಿ ಏರಿಸುವವರಲ್ಲ. “ಬೇಲೂರಿನ ಕಂಟ್ರಾಕ್ಟರು ಈ ಗಾಡಿ ಕೇಳ್ತಿದಾರೆ. ಅವರ ಹತ್ರ ಡ್ರೈವರ್ ಇದಾನೆ. ಸಂಕ್ರಾಂತಿ ಮಾರನೇ ದಿನ ನಾನು ಮಂಡಿಗೆ ಹೋಗ್ಬೇಕು. ಅವತ್ತು ಈ ಗಾಜಲ್ಲಿ ನನಗೆ ದಾರಿ ಕಂಡ್ರೆ ಗಾಡಿ ಉಳೀತು. ಕಾಣದೇ ಇದ್ರೆ ನಾನು ಬಸ್ಸಲ್ಲಿ ಓಡಾಡ್ತೀನಿ.”

ಸುಂದರರಾಜ ಏನು ಮಾಡಬೇಕೆಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಲವತ್ತೇಳರ ವಯಸ್ಸಿನಲ್ಲಿ ಉಳಿದಿದ್ದ ದಾರಿ ಬೇಲೂರಿನ ದೇವಸ್ಥಾನದ ಅಡುಗೆಮನೆಯದು. ಕಂಡಾಗಲೆಲ್ಲ ಅಣ್ಣ ಒಂದೇ ಮಾತು ಹೇಳುತ್ತಿದ್ದ: “ನಿನ್ನ ಸೌಟು ಹಾಗೇ ಇಟ್ಟಿದೀನಿ ಕಣೋ.”

ಸಲಹೆಗಳು ಕರೆಯದೆ ಬಂದವು. ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಸುಬ್ಬರಾಮಯ್ಯ ಮೇಷ್ಟರು ಆಲೂಗಡ್ಡೆ ಕೊಯ್ದು ಗಾಜಿಗೆ ಉಜ್ಜಿ ಎಂದರು. ಪ್ರಭಾಚಂದ್ರರು ಅದನ್ನು ಕೇಳಿಸಿಕೊಂಡು, “ಗಡ್ಡೆ ನಮ್ಮ ಮನೆ ಹೊಸಿಲು ದಾಟಿಲ್ಲ ಮೇಷ್ಟ್ರೇ, ಗಾಡಿಗೂ ಬೇಡ,” ಎಂದರು. ಜೈನರಿಗೆ ನೆಲದಡಿಯ ಗಡ್ಡೆ ನಿಷಿದ್ಧ ಎಂಬುದು ಆ ಊರಲ್ಲೇ ಹುಟ್ಟಿ ಬೆಳೆದ ಮೇಷ್ಟರಿಗೆ ಆಗ ನೆನಪಾಯಿತು. ಹಾಗಾದರೆ ಹೊಗೆಸೊಪ್ಪು ಉಜ್ಜಿ ಎಂದರು.

“ಜೊತೆಗೆ ಒಂದಿಷ್ಟು ಸುಣ್ಣಾನೂ ಹಚ್ಲಾ ಮೇಷ್ಟ್ರೇ?” ಎಂದು ಸುಂದರರಾಜ ಕೇಳಿದ. ಮೇಷ್ಟರು ಸಂಜೆಯ ವಾಕಿಂಗಿಗೆ ಬೇರೆ ದಾರಿ ಹಿಡಿದರು.

ಒಂದು ವಾರ ಅವನು ಮೈಮುರಿದು ಕೆಲಸ ಮಾಡಿದ. ಅದನ್ನು ಒಪ್ಪಲೇಬೇಕು. ಕೊಳವೆಗಳನ್ನು ಬಿಚ್ಚಿದಾಗ ಒಂದರಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು ಸಿಕ್ಕಿತು. ಹೀಟರಿನ ಒಳಗೆ ಗಡಸುನೀರಿನ ಸುಣ್ಣ, ಹಳೆಯ ಹಂಡೆಯ ತಳದಲ್ಲಿರುವಂತೆ, ಗಟ್ಟಿಯಾಗಿ ಕೂತಿತ್ತು. ವಾಷಿಂಗ್ ಸೋಡದ ಬಿಸಿನೀರು ಬಿಟ್ಟು ಅದನ್ನು ಕರಗಿಸಿದ. ಪೆಡಲುಗಳ ಸುತ್ತ ಗಾಳಿ ನುಗ್ಗುತ್ತಿದ್ದ ಸಂದುಗಳಿಗೆ ತೆಂಗಿನ ನಾರು ತುರುಕಿ ಟಾರು ಬಳಿದ. ಹಳೆಯ ಕಂಬಳಿ ಹರಿದು ಬಾಗಿಲ ಅಂಚಿಗೆ ಹೊಲಿದ. ಎಲ್ಲವೂ ಸರಿಯಾದ ಕೆಲಸವೇ. ಫ್ಯಾನಿನ ಗಾಳಿ ಈಗ ಗಾಜಿನ ಬುಡಕ್ಕೆ ರಭಸವಾಗಿ ಬಂತು, ಕೆರೆ ಏರಿಯ ಮೇಲಿನ ಗಾಳಿಯಷ್ಟೇ ತಣ್ಣಗೆ ಬಂತು. ಹೊರಗಿನ ಚಳಿ ತಗುಲದಿರಲಿ ಎಂದು ರೇಡಿಯೇಟರಿನ ಮುಂದೆ ಗೋಣಿತಾಟು ಕಟ್ಟಿದ. ಗಾಳಿ ತುಸು ಉಗುರು ಬೆಚ್ಚಗಾಗಿ, ಗಾಜಿನ ಕೆಳಗೆ ಅಂಗೈ ಅಗಲ ತಿಳಿಯಾಯಿತು. ಅದರಲ್ಲಿ ಬಾನೆಟ್ಟು ಕಾಣುತ್ತಿತ್ತು.

ಸಂಕ್ರಾಂತಿಗೆ ನಾಲ್ಕು ದಿನವಿತ್ತು. ಮುದುಡಿದ ಮಡ್‌ಗಾರ್ಡು ತಟ್ಟಿಸಲು ಅವನು ಅರಸೀಕೆರೆಗೆ ಹೋದ. ರೈಲ್ವೆ ಗೇಟಿನ ಹತ್ತಿರ ಗಂಗಾಧರಪ್ಪನ ಶೆಡ್ಡು. ತಗಡು ತಟ್ಟುವುದಕ್ಕೆ ಮಾತ್ರ ಲಾಯಕ್ಕು ಎಂದು ಅವನನ್ನು ಸುಂದರರಾಜ ಪಟ್ಟಿಯಲ್ಲಿ ಸೇರಿಸಿದ್ದ. ಗಂಗಾಧರಪ್ಪ ಗೋಣಿತಾಟು ನೋಡಿದ, ಬಾನೆಟ್ಟು ಎತ್ತಿ ರೇಡಿಯೇಟರಿನ ಮೇಲಿನ ಪೈಪನ್ನು ಮುಷ್ಟಿಯಲ್ಲಿ ಹಿಡಿದ.

“ಐನೋರೆ, ಇಪ್ಪತ್ತೈದು ಮೈಲಿ ಓಡ್ಸ್ಕಂಡ್ ಬಂದಿದೀರಿ. ಈ ನೀರಲ್ಲಿ ಹಸುಗೂಸಿಗೆ ಎರೀಬೋದು. ಥರ್ಮೋಸ್ಟಾಟ್ ಐತಾ?”

ಸುಂದರರಾಜ ನಕ್ಕ. “ಅದನ್ನ ನಮ್ಮ ಸೀಮೆಲಿ ಯಾರು ಇಟ್ಕೋತಾರಯ್ಯಾ? ಏಳು ವರ್ಷ ಆಯ್ತು ತೆಗೆದು. ಅದರಿಂದ್ಲೇ ಇಂಜಿನ್ ಕುದಿಯೋದು ನಿಂತಿದ್ದು.”

“ಅವತ್ತು ಬೆಲ್ಟ್ ಮುಟ್ಟಿದ್ರಾ?”

“ಬಿಗಿ ಮಾಡ್ದೆ. ಅದಕ್ಕೇನೀಗ?”

ಗಂಗಾಧರಪ್ಪ ಮಡ್‌ಗಾರ್ಡಿನ ಅಡಿಗೆ ಮರದ ತುಂಡು ಒತ್ತಿ ಹಿಡಿದು ನಾಲ್ಕು ಏಟು ಹಾಕಿದ ಮೇಲೆ ಕೇಳಿದ: “ನಿಮ್ದು ಅಡುಗೆ ಮನೆತನ ಅಲ್ವಾ ಐನೋರೆ? ಅಕ್ಕಿ ಬೇಯಕ್ ಮುಂಚೆ ಗಂಜಿ ಬಸೀತಾರಾ ನಿಮ್ಮಲ್ಲಿ?”

ಸುಂದರರಾಜ ಬಾನೆಟ್ಟು ಇಳಿಸಿದ.

“ನೀರು ಕಾಯೋಗಂಟ ತಡೀಬೇಕು, ಕಾದ್ಮೇಲೆ ಬಿಡ್ಬೇಕು. ಅದ್ರ ಕೆಲ್ಸ ಅಷ್ಟೇಯ. ನೀವು ಕಾಯಕ್ ಮುಂಚೇನೆ ಬಸೀತಾ ಇದೀರಿ. ಹೀಟರು ಎಲ್ಲಿಂದ ತಂದಾತು ಬಿಸೀನ?”

ವಾಪಸು ಬರುವಾಗ ಸುಂದರರಾಜ ಗಂಗಾಧರಪ್ಪನನ್ನು ಇಪ್ಪತ್ತೈದು ಮೈಲಿಯುದ್ದಕ್ಕೂ ಬೈದುಕೊಂಡ. ಆದರೆ ಗಂಜಿಯ ಮಾತು ಒಳಗೆ ಇಳಿದುಬಿಟ್ಟಿತ್ತು. ಬೇರೆ ಯಾವ ಮಾತಾದರೂ ಹೊರಗೇ ಉಳಿಯುತ್ತಿತ್ತು. ಇದು ಅವನ ಅಪ್ಪ, ತಾತ ಹೇಳಬಹುದಾಗಿದ್ದ ಮಾತು.

ಮರುದಿನ ಬೆಳಗ್ಗೆ ದೇವರ ಗೂಡಿನ ಮುಂದೆ ಬಂದು ನಿಂತ. ಊದುಬತ್ತಿ ಉರಿಯುತ್ತಿತ್ತು.

“ಅದನ್ನ ಕೊಡೇ.”

“ಯಾವುದನ್ನ?” ಕೋಮಲವಲ್ಲಿ ಮಡಿಯಲ್ಲಿದ್ದಳು.

“ಊದುಬತ್ತಿ ಸಿಕ್ಸಿದೀಯಲ್ಲ, ಅದನ್ನ. ಜೀಪಿಂದು ಅದು.”

“ಅವಿವೇಕಿಗಳು ಮಾಡಿದ್ದು ಅಂತ ನೀವೇ ತಂದು ಬಿಸಾಕಿದ್ರಿ. ಏಳು ವರ್ಷ ದೇವರ ಮುಂದೆ ಇದ್ದು ವಿವೇಕ ಬಂತಾ ಅದಕ್ಕೆ?”

“ಒಂದು ಪಾತ್ರೇಲಿ ನೀರು ಕಾಯಿಸ್ಬೇಕು. ಇದನ್ನ ಅದರಲ್ಲಿ ಬಿಟ್ಟು ನೋಡ್ಬೇಕು.”

“ಅಡುಗೆ ಮನೇಲಿ ಜೀಪು ಬೇಯಿಸೋ ಹಾಗಿಲ್ಲ. ಬಚ್ಚಲಿಗೆ ಹೋಗಿ, ಹಂಡೆ ಇದೆ.”

ಹಂಡೆಯ ಬಾಯಿಗೆ ಕಡ್ಡಿ ಅಡ್ಡವಿಟ್ಟು, ದಾರ ಕಟ್ಟಿ, ಹಿತ್ತಾಳೆಯನ್ನು ನೀರಿಗೆ ಇಳಿಬಿಟ್ಟ. ಒಲೆಗೆ ತೆಂಗಿನ ಮಟ್ಟೆ ತುಂಬಿದ. ಕೋಮಲವಲ್ಲಿ ಬಾಗಿಲಲ್ಲಿ, ಮಡಿಗೆ ಸೋಕದಷ್ಟು ದೂರದಲ್ಲಿ, ನಿಂತು ನೋಡಿದಳು. ನೀರು ಕೈಯಿಡಲಾಗದಷ್ಟು ಬಿಸಿಯೇರಿದಾಗ ಹಿತ್ತಾಳೆಯ ಸುಕ್ಕುಗಳು ನಿಧಾನವಾಗಿ ಬಿಚ್ಚಿ, ಮೇಲಿನ ಬಿಲ್ಲೆ ಎದ್ದು ಬಾಯಿ ತೆರೆಯಿತು. ಎತ್ತಿ ತಣ್ಣೀರಿಗೆ ಹಾಕಿದರೆ ಮುಚ್ಚಿತು. ಮತ್ತೆ ಬಿಟ್ಟ, ಮತ್ತೆ ತೆರೆಯಿತು.

“ಬೆಂತಾ?” ಎಂದು ಕೇಳಿ ಕೋಮಲವಲ್ಲಿ ಒಳಗೆ ಹೋದಳು.

ಹುಣಿಸೆಹಣ್ಣು ಹಾಕಿ ಏಳು ವರ್ಷದ ಬೂದಿಯನ್ನು ಅವನು ಉಜ್ಜಿ ತೊಳೆದ. ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಗ್ಯಾಸ್ಕೆಟ್ಟು ಕತ್ತರಿಸಿ, ಗ್ರೀಸು ಸವರಿ, ಯಾರೂ ಇಲ್ಲದ ಹೊತ್ತು ನೋಡಿ ಅದನ್ನು ಅದರ ಜಾಗದಲ್ಲಿ ಕೂರಿಸಿದ. ಗೋಣಿತಾಟು ಬಿಚ್ಚಿ ಎಸೆದ. ಮಾದಿಹಳ್ಳಿಯ ಕಡೆ ಓಡಿಸಿದ. ಊರು ಇನ್ನೂ ದೂರ ಇರುವಾಗಲೇ ಕಾಲಿಗೆ ಬಿಸಿ ತಗುಲಿತು. ಗಾಜಿನ ಮೇಲೆ ಬಾಯಿಯಿಂದ ಹಾ ಎಂದು ಊದಿದ. ಕಟ್ಟಿದ ಹಬೆ ನೋಡುತ್ತಿದ್ದಂತೆ ಅಂಚಿಗೆ ಸರಿದು ಹೋಯಿತು.

ಸಂಕ್ರಾಂತಿಯ ಮಾರನೇ ದಿನ ಊರ ಮುಂದಿನ ದ್ವಾರಸಮುದ್ರದ ಕೆರೆ ಇದೆಯೋ ಇಲ್ಲವೋ ತಿಳಿಯದಷ್ಟು ಮಂಜು. ಪ್ರಭಾಚಂದ್ರರು ಶಾಲು ಹೊದ್ದು ಕೂತರು. ಐದಾರು ಮೈಲಿ ಹೋದ ಮೇಲೆ ಶಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. ಗಾಜು ಮೂಲೆಯಿಂದ ಮೂಲೆಗೆ ತಿಳಿಯಾಗಿತ್ತು. ಸುಂದರರಾಜನ ಎರಡೂ ಕೈ ಸ್ಟೇರಿಂಗಿನ ಮೇಲಿದ್ದವು.

“ಏನಾಗಿತ್ತು ಐನೋರೇ?”

“ಒಂದು ಸಾಮಾನು ಇರ್ಲಿಲ್ಲ ಯಜಮಾನ್ರೇ. ಹಾಕ್ದೆ.”

“ಯಾರು ತೆಗೆದಿದ್ರು?”

“ಆ ದೊರೆ ಕಾಲದಲ್ಲಿ ಯಾರೋ ಅವಿವೇಕಿ ತೆಗೆದಿದಾನೆ.”

ಜಾವಗಲ್ ದಾಟಿ ಆ ತಿರುವು ಬಂತು. ಮೈಲಿಗಲ್ಲಿನ ಮೇಲೆ ಜೀಪಿನ ಹಸಿರು ಬಣ್ಣ ಇನ್ನೂ ಇತ್ತು.

“ನಾನು ಇಲ್ಲೇ ಹಿಂದೆ ಕೊಡೆ ಹಿಡ್ಕೊಂಡು ನಿಂತಿದ್ದೆ,” ಎಂದರು ಪ್ರಭಾಚಂದ್ರರು. “ಕಿತ್ತ ತಕ್ಷಣ ನನ್ನ ಕೈಗೆ ಹಾಕಿದ್ರಿ. ಅಂಗೈ ಸುಟ್ಟು ಬೊಬ್ಬೆ ಬಂದಿತ್ತು. ಹದಿನೈದು ದಿನ ತಕ್ಕಡಿ ಹಿಡಿಯೋಕಾಗ್ಲಿಲ್ಲ.”

ಸುಂದರರಾಜ ವೇಗ ತಗ್ಗಿಸಿದ.

“ಗಾಡಿ ಮಾರ್ತೀರಾ?”

“ಯಾಕೆ ಮಾರ್ಲಿ? ಗಾಜು ಚೆನ್ನಾಗಿದೆ. ಆದರೆ ಸುಳ್ಳು ಹೇಳೋರ ಪಕ್ಕ ಕೂತು ನಾನು ದಿನಾ ಐವತ್ತು ಮೈಲಿ ಓಡಾಡೋನಲ್ಲ. ಮಂಡಿಗೆ ಮುಂಚೆ ಗಂಗಾಧರಪ್ಪನ ಶೆಡ್ಡಿಗೆ ಬಿಡಿ. ಆ ಅವಿವೇಕಿ ಯಾರು ಅಂತ ಅವನಿಗೆ ಹೇಳಿ. ಆಮೇಲೆ ಸ್ಟೇರಿಂಗ್ ನಿಮ್ದೇ.”

ಶೆಡ್ಡಿನ ಮುಂದೆ ಮೂರು ಲಾರಿ ನಿಂತಿದ್ದವು. ಡ್ರೈವರುಗಳು ಬೆಂಕಿ ಕಾಯಿಸಿಕೊಳ್ಳುತ್ತ ಟೀ ಕುಡಿಯುತ್ತಿದ್ದರು. ಸುಂದರರಾಜ ಇಳಿದ. ಬೇಲೂರಿನ ಸೌಟನ್ನು ಒಮ್ಮೆ ನೆನೆದ.

“ಗಂಗಾಧರಪ್ಪ, ಅದು ಇರಬೇಕಾಗಿತ್ತು. ತೆಗೆದಿದ್ದ ಅವಿವೇಕಿ ನಾನೇ.”

ಗಂಗಾಧರಪ್ಪ ಲಾರಿಯ ಅಡಿಯಿಂದ ಹೊರಗೆ ಬರಲಿಲ್ಲ. “ಗೊತ್ತು ಬಿಡಿ ಐನೋರೆ. ಈ ಮೂರು ಲಾರಿದೂ ನೀವೇ ತೆಗ್ದಿದ್ದು. ಅವುನ್ನ ಎಲ್ ಮಡಗಿದೀರಿ?”

ಡ್ರೈವರುಗಳು ನಕ್ಕರು. ಅವುಗಳನ್ನೆಲ್ಲ ಅವನು ಮಂಚದ ಕೆಳಗೆ, ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದ. ಒಟ್ಟು ಹದಿನಾರು. ಆ ವಾರವೇ ಡಬ್ಬಿಯನ್ನು ಶೆಡ್ಡಿಗೆ ತಂದು ಒಪ್ಪಿಸಿದ. ಗಂಗಾಧರಪ್ಪ ಎಣಿಸಿದಾಗ ಹದಿನೈದು ಇದ್ದವು. ದೇವರ ಗೂಡಿನಲ್ಲಿ ಮತ್ತೆ ಊದುಬತ್ತಿ ನೆಟ್ಟಗೆ ನಿಂತಿದ್ದನ್ನು ಅಂದು ಬೆಳಗ್ಗೆ ನೋಡಿಯೇ ಬಂದಿದ್ದ ಸುಂದರರಾಜ ತುಟಿ ಬಿಚ್ಚಲಿಲ್ಲ.

ವಾಪಸು ಬರುವಾಗ ಮಾತ್ರ, ಗಂಗಾಧರಪ್ಪ ತಟ್ಟಿದ ಮಡ್‌ಗಾರ್ಡಿನಲ್ಲಿ ಎರಡು ಕಡೆ ತಗ್ಗು ಉಳಿದಿದೆ ಎಂದು ಯಜಮಾನರಿಗೆ ತೋರಿಸಿದ. ತಿಳಿಯಾದ ಗಾಜಿನಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು.