ಅಯ್ಯನವರ ಹಸಿವು

ನಮ್ಮ ಭಂಕೂರಿನ ಗುರುಲಿಂಗಯ್ಯನವರಿಗೆ ಊಟ ಮಾಡುವುದು ಒಂದು ಕೆಲಸ. ತಮಾಷೆಗೆ ಹೇಳುತ್ತಿಲ್ಲ. ಅವರು ಜಂಗಮರು, ಊರಿನ ಎಷ್ಟೋ ಮನೆತನಗಳಿಗೆ ಅವರೇ ಅಯ್ಯನವರು. ಮಗು ಹುಟ್ಟಿದರೆ ಲಿಂಗ ಕಟ್ಟುವವರು ಅವರು, ಹೊಸ ಮನೆಗೆ ಮೊದಲು ಕಾಲಿಡುವವರು ಅವರು, ಯಾರಾದರೂ ಲಿಂಗೈಕ್ಯರಾದರೆ ಮುಂದೆ ನಿಂತು ಮಣ್ಣು ಮಾಡಿಸುವವರೂ ಅವರೇ. ಇದೆಲ್ಲದರ ಕೊನೆಗೆ ಒಂದು ಊಟ. ಅಯ್ಯನವರು ಮಣೆಯ ಮೇಲೆ ಕೂತು ಪ್ರಸಾದ ಮುಗಿಸಿ ಎದ್ದ ಮೇಲೆಯೇ ಮನೆಯವರ ಬಾಯಿಗೆ ತುತ್ತು. ತಾಟಿನಲ್ಲಿ ಅವರು ಒಂದು ಅಗುಳೂ ಬಿಡುವಂತಿಲ್ಲ. ಉಂಡ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಬಿಟ್ಟರೆ ಪ್ರಸಾದಕ್ಕೂ ಅವಮಾನ, ಬಡಿಸಿದವಳಿಗೂ ಅವಮಾನ.

ಈ ಕೆಲಸವನ್ನು ಅವರು ಎಷ್ಟು ಮನಸ್ಸಿಟ್ಟು ಮಾಡುತ್ತಿದ್ದರು ಎಂಬುದಕ್ಕೆ ಪಕ್ಕದ ಮನೆಯವನಾದ ನಾನೇ ಸಾಕ್ಷಿ. ನಾನು ಶಾಲಾ ಮಾಸ್ತರ, ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಆದರೆ ಅಯ್ಯನವರ ಊಟದಲ್ಲಿ ನನಗೆ ತಪ್ಪು ಸಿಕ್ಕಿದ್ದಿಲ್ಲ. ರೊಟ್ಟಿ ಮುರಿಯುವ ಮೊದಲು ಅದರ ವಾಸನೆ ನೋಡುವರು. ಪುಂಡಿಪಲ್ಯಕ್ಕೆ ಎಣ್ಣೆ ಹಾಕಿ ಕಲಸುವಾಗ ಕಣ್ಣು ಮುಚ್ಚುವರು. ಬಡಿಸುವ ಹೆಣ್ಣುಮಗಳು ಬಾಗಿಲಲ್ಲಿ ನಿಂತು ಅದನ್ನು ನೋಡಿ ಸೆರಗಿನೊಳಗೆ ನಗುತ್ತಿದ್ದಳು. ತಾನು ಮಾಡಿದ್ದನ್ನು ಒಬ್ಬ ಮನುಷ್ಯ ಹಾಗೆ ಉಣ್ಣುವುದನ್ನು ನೋಡಿದರೆ ಯಾವ ಹೆಂಗಸಿಗೆ ತಾನೇ ಖುಷಿಯಾಗುವುದಿಲ್ಲ!

ಉಂಡಿದ್ದು ಮೈಗೆ ಹತ್ತದೆ ಎಲ್ಲಿ ಹೋದೀತು? ಐವತ್ತು ದಾಟುವ ಹೊತ್ತಿಗೆ ಎದೆಯ ಮೇಲಿನ, ಲಿಂಗ ಇಡುವ ಬೆಳ್ಳಿ ಕರಡಿಗೆ ನೇತಾಡುವುದನ್ನು ಬಿಟ್ಟು ಹೊಟ್ಟೆಯ ಮೇಲೆ ಆರಾಮಾಗಿ ಕೂತಿತ್ತು. ಸಕ್ಕರೆ ಕಾಯಿಲೆ ಬಂತು. ಮೊಣಕಾಲು ಮಾತು ಕೇಳುವುದನ್ನು ಬಿಟ್ಟವು. ಪ್ರಸಾದ ಮುಗಿಸಿದ ಅಯ್ಯನವರನ್ನು ಮಣೆಯಿಂದ ಎಬ್ಬಿಸಲು ಇಬ್ಬರು ಗಂಡಾಳು ಬೇಕಾದರು. ಒಂದು ಗೃಹಪ್ರವೇಶದಲ್ಲಿ ಎಬ್ಬಿಸಲು ಹೋದವನೇ ಜಾರಿ ಅವರ ಮೇಲೆ ಬಿದ್ದಾಗ ಎಲ್ಲರೂ ನಕ್ಕರು, ಅಯ್ಯನವರೂ ನಕ್ಕರು. ಮನೆಗೆ ಬರುವ ದಾರಿಯಲ್ಲಿ ಮಾತ್ರ, "ಮಾಸ್ತರ, ಛಲೋ ಡಾಕ್ಟರ್ ಯಾರರೆ ಗೊತ್ತದಾರೇನು?" ಎಂದು ಕೇಳಿದರು.

ಮರುವಾರ ಕಲಬುರಗಿಯ ಡಾಕ್ಟರರ ಹತ್ತಿರ ನಾನೇ ಕರೆದುಕೊಂಡು ಹೋದೆ. ಸಕ್ಕರೆಯೂ ಇಳಿಯುತ್ತದೆ, ಮೈಯೂ ಇಳಿಯುತ್ತದೆ ಎಂದು ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಒಂದು ಸೂಜಿ ಬರೆದುಕೊಟ್ಟರು. ನೋಡಲು ಮಕ್ಕಳ ಪೆನ್ನಿನ ಹಾಗಿದೆ. ಶಹಾಬಾದಿನಲ್ಲಿ ಮೆಡಿಕಲ್ ಅಂಗಡಿ ಇಟ್ಟಿರುವ ನಯೀಮ ಅದನ್ನು ತರಿಸಿಕೊಟ್ಟ, ಚುಚ್ಚುವುದನ್ನೂ ಹೇಳಿಕೊಟ್ಟ. ಅಯ್ಯನವರ ಹೆಂಡತಿ ದೇವಿಕಾ ಅದನ್ನು ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕ ಇಟ್ಟರು. ದಸರೆ ಮುಗಿದ ಮೊದಲ ಭಾನುವಾರ ಶುರುವಾಯಿತು.

ಮೊದಲು ಓಕರಿಕೆ, ಹುಳಿತೇಗು. ಅದೆಲ್ಲ ಕೆಲವು ವಾರದಲ್ಲಿ ತಗ್ಗಿತು. ಆಮೇಲೆ ಆದದ್ದನ್ನು ಡಾಕ್ಟರರು ಗುಣ ಅನ್ನುತ್ತಿದ್ದರು, ಅಯ್ಯನವರು ಏನೆನ್ನಬೇಕೆಂದು ತಿಳಿಯದೆ ಕೂತರು. ಹಸಿವು ಹೋಗಿತ್ತು. ಕಡಿಮೆಯಾದದ್ದಲ್ಲ, ಹೋಗಿಯೇಬಿಟ್ಟಿತ್ತು. ಬೆಳಿಗ್ಗೆ ದೇವಿಕಾ ರೊಟ್ಟಿ ಬಡಿಯುವ ಸದ್ದು ನನ್ನ ಮನೆಗೂ ಕೇಳುತ್ತದೆ. ಆ ಸದ್ದಿಗೆ ಎದ್ದು ಬಂದು ಒಲೆಯ ಮುಂದೆ ಕೂರುತ್ತಿದ್ದ ಮನುಷ್ಯ ಈಗ ಅಂಗಳದಲ್ಲಿ ಪೇಪರು ಓದುತ್ತಿದ್ದರು.

"ಮಾಸ್ತರ, ರೊಟ್ಟಿ ಬಡಿಯೋ ಸಪ್ಪಳ ಕೇಳ್ತದ. ಆದ್ರ ಒಳಗ ಏನೂ ಏಳೂದಿಲ್ಲ. ಯಾರೋ ಬ್ಯಾರೆ ಮಂದಿಗಿ ಮಾಡಾಕತ್ತಾರ ಅನಸ್ತದ," ಅಂದರು ಒಂದು ದಿನ.

"ಛಲೋ ಆತಲ್ರಿ. ಮೊಣಕಾಲು ಹೆಂಗ ಅವ?" ಎಂದೆ.

"ಮೊಣಕಾಲು ಭಾಳ ಛಲೋ ಅವ," ಎಂದವರ ದನಿಯಲ್ಲಿ ಖುಷಿ ಇರಲಿಲ್ಲ.

ಮೈ ಇಳಿಯಿತು. ಅಂಗಿ ಜೋತುಬಿತ್ತು. ಕರಡಿಗೆ ಮತ್ತೆ ನೇತಾಡತೊಡಗಿತು. ಈಗ ಅವರು ತಾವೇ ಕೂತು ತಾವೇ ಏಳುತ್ತಿದ್ದರು. ಆದರೆ ನಮ್ಮ ಊರಿನಲ್ಲಿ ದಪ್ಪ ಇದ್ದವನು ತೆಳ್ಳಗಾದರೆ ಅವನಿಗೆ ದೊಡ್ಡ ರೋಗ ಬಂದಿದೆ ಎಂದೇ ಲೆಕ್ಕ. ಕಟ್ಟೆಯ ಮೇಲೆ ಕೂತವರು ಇವರು ಬಂದ ಕೂಡಲೇ ದನಿ ತಗ್ಗಿಸುತ್ತಿದ್ದರು. ಒಬ್ಬನಂತೂ ಮುಂದೆಯೇ ನಿಂತು, "ಅಯ್ಯನೋರ, ಅದೇ ಏನ್ರಿ?" ಎಂದು ಕೇಳಿದ. ಅದು ಎಂದರೆ ಯಾವುದು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗೂ ಇರಲಿಲ್ಲ.

ಅದಕ್ಕಿಂತ ದೊಡ್ಡ ಫಜೀತಿ ತಾಟಿನದು. ಬಡಿಸಿದ್ದನ್ನು ಬಿಡುವಂತಿಲ್ಲ, ಉಣ್ಣಲು ಆಗುವುದಿಲ್ಲ. ಸೂಜಿ ಚುಚ್ಚಿಕೊಂಡಿದ್ದೇನೆ ಎನ್ನಲು ನಾಚಿಕೆ. ಊರಿಗೆಲ್ಲ ಇಂದ್ರಿಯನಿಗ್ರಹ ಹೇಳುವ ಅಯ್ಯನವರು ತಮ್ಮ ಬಾಯಿಗೆ ಔಷಧಿಯಿಂದ ಬೀಗ ಹಾಕಿಸಿಕೊಂಡರಂತೆ ಎಂದು ಜನ ನಕ್ಕರೆ? ಒಂದು ಗುರುವಾರ ಯಾರದೋ ಮನೆಯಲ್ಲಿ ಸೌಟು ಎತ್ತಿದ ಹೆಣ್ಣುಮಗಳಿಗೆ ಕೈ ಅಡ್ಡ ಹಿಡಿದು, "ಒಂದೀಟೇ ಹಾಕು ತಂಗಿ, ವ್ರತ ಹಿಡದೀನಿ," ಎಂದುಬಿಟ್ಟರು.

ಆ ಮಾತು ಸಂಜೆಯೊಳಗೆ ಊರು ಸುತ್ತಿತು. ರೋಗದ ಸುದ್ದಿ ಸತ್ತು ವ್ರತದ ಸುದ್ದಿ ಹುಟ್ಟಿತು. ನಾಲವಾರದ ಮಠಕ್ಕೆ ರೈಲಿನಲ್ಲಿ ಹೋಗಿ ವ್ರತ ಹಿಡಿದು ಬಂದರಂತೆ ಎಂದು ಒಬ್ಬ, ಮುಖದ ಮೇಲೆ ಕಳೆ ಬಂದಿದೆ ನೋಡ್ರಿ ಎಂದು ಇನ್ನೊಬ್ಬ. ಕೆನ್ನೆ ಒಳಕ್ಕೆ ಹೋದದ್ದನ್ನು ಕಳೆ ಎನ್ನುವ ಮಂದಿಗೆ ಏನು ಹೇಳುವುದು! ಹೆಂಗಸರು ದಾರಿಯಲ್ಲೇ ಕಾಲಿಗೆ ಬೀಳತೊಡಗಿದರು. ಮನೆಗಳಲ್ಲಿ ಹೋಳಿಗೆ ನಿಂತಿತು, ಹುಗ್ಗಿ ನಿಂತಿತು. ಅಯ್ಯನವರ ಮುಂದೆ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ಬರತೊಡಗಿದವು. ಎಳ್ಳಮಾಸಿಗೆ, ಆ ಎಳ್ಳು ಅಮಾವಾಸ್ಯೆಯ ದಿನ, ಊರಿಗೆ ಊರೇ ಹೊಲದಲ್ಲಿ ಕೂತು ಸೊಪ್ಪು ಕಾಳಿನ ಭಜ್ಜಿ, ಸಜ್ಜೆ ಕಡಬು ಉಣ್ಣುವಾಗ ಅವರು ಬನ್ನಿಗಿಡದ ಕೆಳಗೆ ಒಬ್ಬರೇ ಕೂತಿದ್ದರು. ದೇವಿಕಾ ಬುತ್ತಿಗಂಟು ಬಿಚ್ಚಿ ಹಾಗೆಯೇ ಕಟ್ಟಿದರು.

"ಉಣ್ಣಾಕ ಬ್ಯಾಡ ಮಾಸ್ತರ. ಉಣ್ಣಬೇಕು ಅನ್ನೂ ಆಸೆರೆ ಬರ್ಲಿ. ಮಂದಿ ಉಣ್ಣೂದು ನೋಡಿ ಹೊಟ್ಟಿ ಉರೀತದ ನಂಗ," ಅಂದರು ಅಯ್ಯನವರು.

ಶಹಾಬಾದಿನಲ್ಲಿ ಅಯ್ಯನವರು ಇದನ್ನು ನಯೀಮನಿಗೆ ಹೇಳಿದಾಗ ಅವನು ನಗಲಿಲ್ಲ. ಅವನ ಅಕ್ಕ ಜಬೀನಾ ಹಿಂದಿನ ವರ್ಷ ಇದೇ ಸೂಜಿ ತೆಗೆದುಕೊಂಡಿದ್ದಳಂತೆ. "ರೋಜಾ ಹಿಡಿದ್ರೂ ಅಕ್ಕಗ ಹಸಿವೇ ಆಗ್ಲಿಲ್ರಿ ಅಯ್ಯನೋರ. ಹಸಿವಿಲ್ಲದ ರೋಜಾ ಅಲ್ಲಾಗ ಯಾಕ ಕೊಡ್ಲಿ ಅಂತ ಇಫ್ತಾರ್ ಮುಂದ ಕುಂತು ಅಳ್ತಿದ್ಳು," ಎಂದ. ಅಯ್ಯನವರು ಆ ಮಾತನ್ನು ಅವನ ಬಾಯಿಂದ ಇನ್ನೊಮ್ಮೆ ಹೇಳಿಸಿ ಕೇಳಿದರು. ತಮ್ಮ ನೋವು ತಿಳಿದ ಒಂದು ಜೀವ ಈ ಲೋಕದಲ್ಲಿ ಇದೆ ಎಂದು ಸಮಾಧಾನವಾಯಿತೋ ಏನೋ.

ಈಗ ಕಾಶಮ್ಮನ ವಿಷಯ ಹೇಳಬೇಕು. ಕಾಶಮ್ಮ ನಮ್ಮ ಓಣಿಯ ಕೊನೆಯ ಮನೆಯ ಮುದುಕಿ. ಮಗ ವಾಡಿಯ ಸಿಮೆಂಟ್ ಕಾರ್ಖಾನೆಗೆ ಹೋಗುತ್ತಾನೆ, ಸೊಸೆ ಶೈಲಶ್ರೀ ಮನೆ ನೋಡಿಕೊಳ್ಳುತ್ತಾಳೆ. ಗುರುಲಿಂಗಯ್ಯನವರ ತಾಯಿ ಅವರ ಚಿಕ್ಕಂದಿನಲ್ಲೇ ತೀರಿಹೋದರು. ತಂದೆಯ ಹಿಂದೆ ಜೋಳಿಗೆ ಹಿಡಿದು ಭಿಕ್ಷೆಗೆ ಬರುತ್ತಿದ್ದ ಆ ಕೂಸನ್ನು ಒಳಗೆ ಕರೆದು, ಕಾಲಿಗೆ ನೀರು ಹಾಕಿ, ಬಿಸಿ ಹುಗ್ಗಿ ಬಡಿಸಿದವಳು ಕಾಶಮ್ಮ. ಮೂಗು ಸೋರುವ ಹುಡುಗನನ್ನೂ ಆಕೆ "ಉಣ್ರಿ ಅಯ್ಯಾ" ಎಂದೇ ಮಾತಾಡಿಸುತ್ತಿದ್ದಳು. ಅಂದಿನಿಂದ ಸೋಮವಾರ ಆ ಮನೆಯ ಊಟ ತಪ್ಪಿರಲಿಲ್ಲ. ಊರಿಗೆಲ್ಲ ಅವರು ಉಣ್ಣುವುದು ಕೆಲಸಕ್ಕೆ, ಕಾಶಮ್ಮನ ಮನೆಯಲ್ಲಿ ಉಣ್ಣುವುದು ಮಾತ್ರ ಮಗನಂತೆ.

ವ್ರತದ ಸುದ್ದಿ ಕೇಳಿ ಕಾಶಮ್ಮ ಕೋಲು ಊರಿಕೊಂಡು ಬಂದಳು. ನಾನು ಅಲ್ಲೇ ಇದ್ದೆ.

"ವ್ರತ ಯಾವಾಗ ಮುಗೀತದ್ರಿ ಅಯ್ಯಾ?"

ಅಯ್ಯನವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. "ಶಿವರಾತ್ರಿಗಿ ಮುಗೀತದವ್ವ," ಎಂದರು.

"ಹಂಗಾದ್ರ ಪಾರಣಿ ನಮ್ಮ ಮನ್ಯಾಗೇ ಆಗಬೇಕು. ಈಗಿನಿಂದಲೇ ಗೋಧಿ ಕುಟ್ಟಿ ಇಡ್ತೀನಿ. ನನ್ನ ಕೈ ಹುಗ್ಗಿ ನೀವು ಉಣ್ಣಲಾರದ ಹೊತ್ತು ಹೋಗವಲ್ದು ನಂಗ," ಎಂದಳು ಮುದುಕಿ.

ಆಕೆ ಹೋದ ಮೇಲೆ ನಾನು ಸಿಟ್ಟಿನಿಂದಲೇ ಅಂದೆ, "ಆ ಮುದುಕಿಗಾದ್ರೂ ಖರೆ ಹೇಳ್ರಿ." "ಹೇಳ್ತೀನಿ ಮಾಸ್ತರ, ಹೇಳ್ತೀನಿ," ಅಂದರು. ಹೇಳಲಿಲ್ಲ. ಸೋಮವಾರ ಬಂದರೆ ಆ ಓಣಿಯ ಕೊನೆಯ ತನಕ ಹೋಗುವುದನ್ನೇ ಬಿಟ್ಟರು. ಹಸಿವಿಲ್ಲದೆ ಆ ಹೊಸ್ತಿಲು ತುಳಿಯಲು ಅವರಿಗೆ ಮುಖವಿರಲಿಲ್ಲ.

ಕಾಶಮ್ಮ ಶಿವರಾತ್ರಿ ನೋಡಲಿಲ್ಲ. ಒಂದು ಮಧ್ಯಾಹ್ನ ಅಂಗಳದಲ್ಲಿ ಕೂತು ಕಡ್ಲಿಬೇಳೆ ಹಸನು ಮಾಡುತ್ತಾ ಹಾಗೆಯೇ ಮೊರದ ಮೇಲೆ ವಾಲಿದಳಂತೆ. ಅಯ್ಯನವರೇ ಮುಂದೆ ನಿಂತು ಮಣ್ಣು ಮಾಡಿಸಿದರು. ಮಂತ್ರ ತಪ್ಪಲಿಲ್ಲ, ದನಿಯೂ ತಪ್ಪಲಿಲ್ಲ. ಆ ಭಾನುವಾರ ದೇವಿಕಾ ಸೂಜಿಯ ಪೆನ್ನು ತಂದಿಟ್ಟರೆ, "ಬ್ಯಾಡ. ಗಣಾರಾಧನಿ ದಿನ ಕಾಶವ್ವನ ಮನ್ಯಾಗ ನಾ ಹಸದು ಉಣ್ಣಬೇಕು," ಎಂದರು.

ಆದರೆ ಈ ಔಷಧಿ ಕರೆದ ಕೂಡಲೇ ಬರುವುದಿಲ್ಲ, ಅಟ್ಟಿದ ಕೂಡಲೇ ಹೋಗುವುದೂ ಇಲ್ಲ. ತೀರಿಹೋದವರ ಹೆಸರಿನಲ್ಲಿ ಜಂಗಮರಿಗೆ ಉಣಿಸುವ ಶಿವಗಣಾರಾಧನೆಯ ದಿನ ಪಾದಪೂಜೆ ಆಯಿತು. ಅಯ್ಯನವರು ಮಣೆಯ ಮೇಲೆ ಕೂತರು. ಶೈಲಶ್ರೀ ಪಾತ್ರೆ ತಂದು ಮುಂದಿಟ್ಟಳು.

"ಅತ್ತಿ ಕುಟ್ಟಿ ಡಬ್ಬ್ಯಾಗ ಇಟ್ಟಿದ್ದ ಗೋಧೀರಿ ಇದು. ನಿಮ್ಮ ಪಾರಣಿಗಿ ಅಂತ ಯಾರಿಗೂ ಮುಟ್ಟಾಕ ಬಿಟ್ಟಿರ್ಲಿಲ್ಲ," ಎಂದು ತಾಟು ತುಂಬ ಹುಗ್ಗಿ ಬಡಿಸಿ ತುಪ್ಪ ಸುರಿದಳು.

ಅಯ್ಯನವರು ಕೈ ಅಡ್ಡ ಹಿಡಿಯಲಿಲ್ಲ. ಒಂದು ತುತ್ತು ಉಂಡರು. ಇನ್ನೊಂದು ಉಂಡರು. ಹಣೆಯ ಮೇಲಿನ ವಿಭೂತಿ ಬೆವರಿನಲ್ಲಿ ಕರಗಿತು. ಮನೆಯವರೆಲ್ಲ ಹಸಿದು ಬಾಗಿಲಲ್ಲಿ ನಿಂತಿದ್ದರು, ಸಣ್ಣ ಮಕ್ಕಳು ತಾಯಂದಿರ ಸೆರಗು ಜಗ್ಗುತ್ತಿದ್ದವು. ಅವರು ಎಲ್ಲವನ್ನೂ ಉಂಡರು. ತಾಟು ತೊಳೆದು ನೀರು ಕುಡಿದರು. ಎದ್ದು, ಹರಸಿ, ನೆಟ್ಟಗೆ ಹಿತ್ತಲಿಗೆ ನಡೆದರು. ನಾನು ಹಿಂದೆಯೇ ಓಡಿದೆ. ದನದ ಕೊಟ್ಟಿಗೆಯ ಹಿಂದೆ ಗೋಡೆ ಹಿಡಿದು ಎಲ್ಲವನ್ನೂ ಕಕ್ಕಿದರು. ಯಾರೂ ಬರದಂತೆ ನಾನು ಅಡ್ಡ ನಿಂತೆ. ತಂಬಿಗೆಯಿಂದ ನೀರು ಹಾಕಿ ನಾನೇ ಬಾಯಿ ತೊಳೆಸಿದೆ.

"ಆಕಿ ಕುಟ್ಟಿದ್ದು ಮಾಸ್ತರ. ಆಕಿ ಕುಟ್ಟಿದ್ದು ಹೊರಗ ಹಾಕ್ದೆ," ಎಂದು ಅತ್ತರು. ಅಷ್ಟು ದೊಡ್ಡ ಮನುಷ್ಯ ಹಾಗೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ತಡೆಯಲಾಗಲಿಲ್ಲ.

ಮತ್ತೆ ಸೂಜಿ ಮುಟ್ಟಲಿಲ್ಲ. ಡಾಕ್ಟರರು ಬೈದರು, ದೇವಿಕಾ ಬೈದರು, ನಾನೂ ಬೈದೆ. ಸಕ್ಕರೆ ಏರುತ್ತದೆ, ಮೊಣಕಾಲು ಮತ್ತೆ ಕೈಕೊಡುತ್ತವೆ ಎಂದು ಅವರಿಗೂ ಗೊತ್ತಿತ್ತು. "ಮತ್ತ ಚುಚ್ಕೊತೀನಿ. ಒಂದ್ಸಲ ಹಸಿವು ಬಂದು ಹೋಗ್ಲಿ," ಎನ್ನುತ್ತಿದ್ದರು. ದೂರ ಹೋದ ನೆಂಟರ ಹಾದಿ ಕಾಯುವ ಹಾಗೆ ಹಸಿವಿನ ಹಾದಿ ಕಾದರು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಹೋಗಿ ಒಲೆಯ ಮುಂದೆ ಕೂರುವರು, ಸ್ವಲ್ಪ ಹೊತ್ತು ನೋಡಿ ಎದ್ದು ಬರುವರು.

ಅದು ಬಂದದ್ದು ಯುಗಾದಿ ಇನ್ನೇನು ಬಂತು ಎನ್ನುವಾಗ. ಶಹಾಬಾದಿನಿಂದ ನನ್ನ ಬೈಕಿನ ಮೇಲೆ ಬರುತ್ತಿದ್ದೆವು. ಮಧ್ಯಾಹ್ನದ ಬಿಸಿಲು. ಕಲ್ಲಿನ ಗಣಿಯ ಪಕ್ಕ ಕೆಲಸದವರು ಬುತ್ತಿ ಬಿಚ್ಚಿದ್ದರು, ಹಸಿ ಉಳ್ಳಾಗಡ್ಡಿ ಗುದ್ದಿದ ವಾಸನೆ ರಸ್ತೆಯ ತನಕ ಬರುತ್ತಿತ್ತು. ಹಿಂದೆ ಕೂತಿದ್ದ ಅಯ್ಯನವರು ನನ್ನ ಭುಜ ಹಿಡಿದು ಅಲುಗಿಸಿದರು.

"ಮಾಸ್ತರ! ಹಸಿವಾಗ್ಲಿಕತ್ತಾದ! ಜಲ್ದಿ ಹೊಡೀರಿ!"

ಊರೊಳಗೆ ಬಂದು ಬೈಕು ನಿಲ್ಲುವ ಮೊದಲೇ ಇಳಿದರು. ಹೆಂಡತಿ ಕಾಯುತ್ತಿದ್ದ ತಮ್ಮ ಮನೆ ದಾಟಿ ಓಣಿಯ ಕೊನೆಯ ತನಕ ಹೆಚ್ಚುಕಡಿಮೆ ಓಡಿದರು. ಹೊಸ್ತಿಲಲ್ಲಿ ನಿಂತು, "ಕಾಶವ್ವಾ, ಹಸದೀನಿ!" ಎಂದು ಕೂಗಿಯೇಬಿಟ್ಟರು.

ಒಳಗಿನಿಂದ ಶೈಲಶ್ರೀ ಬಂದಳು. ಕೈಗೆಲ್ಲ ಹಿಟ್ಟು. ಅವಳು ಇವರ ಮುಖ ನೋಡಿದಳು, ಇವರು ನೆಲ ನೋಡಿದರು. ತಿರುಗಿ ಹೋಗಲು ಹೆಜ್ಜೆ ಎತ್ತಿದಾಗ ಅವಳೇ, "ಒಳಗ ಬರ್ರಿ ಅಯ್ಯನೋರ, ಕುಂದ್ರಿ. ರೊಟ್ಟಿ ಮಾಡಾಕತ್ತೀನಿ," ಎಂದಳು. ಮಣೆ ಹಾಕಿ, ಎರಡು ರೊಟ್ಟಿ, ಪಲ್ಯ ಇಟ್ಟಳು.

ಅವರು ಉಂಡ ರೀತಿಯನ್ನು ನಾನು ಹೇಗೆ ಬರೆಯಲಿ? ವಾಸನೆ ನೋಡಲಿಲ್ಲ, ಕಣ್ಣು ಮುಚ್ಚಲಿಲ್ಲ. ಹಸಿದ ಹುಡುಗನ ಹಾಗೆ ಉಂಡರು. ಎರಡನೆಯ ರೊಟ್ಟಿಯ ಮಧ್ಯದಲ್ಲಿ ತಲೆ ತಗ್ಗಿಸಿಕೊಂಡೇ ಹೇಳಿದರು, "ತಂಗಿ, ನಾ ಯಾವ ವ್ರತಾನೂ ಹಿಡದಿರ್ಲಿಲ್ಲ. ಮೈ ಇಳೀಲಿ ಅಂತ ಸೂಜಿ ಚುಚ್ಕೊಂತಿದ್ದೆ. ಉಣ್ಣಾಕ ಆಗ್ತಿರ್ಲಿಲ್ಲ. ನಾಚಿಕಿ ಬಂದು ಕಾಶವ್ವಗ ಹೇಳ್ಲಿಲ್ಲ."

ಶೈಲಶ್ರೀ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೇಳಿದ್ರ ಒಂದು ಚಮಚ ಬಡಿಸ್ತಿದ್ರಲ್ರಿ ಅತ್ತಿ. ಅವ್ರಿಗಿ ನೀವು ಬಂದು ಕುಂತಿದ್ರ ಸಾಕಿತ್ತು."

ಅಯ್ಯನವರ ಕೈ ತಾಟಿನಲ್ಲೇ ನಿಂತಿತು. ಆಮೇಲೆ ಉಳಿದ ರೊಟ್ಟಿ ಮುರಿದರು, ಅಳುತ್ತಲೇ ಉಂಡರು. ಹಸಿವು ಅಷ್ಟು ಜೋರಾಗಿತ್ತು.

"ಇನ್ನೊಂದು ಹಾಕವ್ವ," ಎಂದರು.