ನನ್ನ ಮಗಳಿಗೆ ಜ್ವರ ಇರಲಿಲ್ಲ

ಡಾಕ್ಟರುಗಳ ಜೀಪು ಗುಬ್ಬಿ ತಲುಪುವ ಮೊದಲೇ ಕೆಟ್ಟು ನಿಲ್ಲಬಹುದು. ಅಂಗಿ ಬಿಚ್ಚು ಅಂದರೆ ಮಕ್ಕಳು ಅಳಬಹುದು. ಮುಲಾಮು ಸಾಲದೇ ಹೋಗಬಹುದು. ಬಿಸಿಯೂಟದ ಸಾರು ಯಾರ ಬಿಳಿ ಕೋಟಿನ ಮೇಲಾದರೂ ಚೆಲ್ಲಬಹುದು — ಶಾಲೆಯಲ್ಲಿ ಚರ್ಮದ ತಪಾಸಣೆ ಅಂದ ಕೂಡಲೇ ಇಷ್ಟೆಲ್ಲ ಹೆದರಿ ತಲೆ ಕೆಡಿಸಿಕೊಂಡವಳು ನಾನು. ಅದೊಂದೂ ಆಗಲಿಲ್ಲ. ರತ್ನಮ್ಮ, ಕೆಡಿಸಿದವಳು ನಾನೇ. ನಿಮ್ಮ ಮಗಳು ಭೂಮಿಕಾಳ ಪಕ್ಕ ಕೂರುತ್ತಿದ್ದ ನನ್ನ ಮಗಳು ಸಿಂಚನಾಗೆ ಅವತ್ತು ಜ್ವರ ಇರಲಿಲ್ಲ. ಕಜ್ಜಿ ಇತ್ತು.

ಬೇರೆ ಟೀಚರುಗಳೆಲ್ಲ ಮಕ್ಕಳನ್ನು ತುಮಕೂರಿನ ಕಾನ್ವೆಂಟಿಗೆ ವ್ಯಾನು ಹತ್ತಿಸುವಾಗ, ನನ್ನ ಮಗಳನ್ನು ನಾನು ಪಾಠ ಮಾಡುವ ಸರ್ಕಾರಿ ಶಾಲೆಗೇ ಸೇರಿಸಿ ಬೀಗಿದ್ದೆ. ‘ನೋಡ್ತಿರು, ಅಲ್ಲಿಂದ ಕಜ್ಜಿ ತರ್ತಾಳೆ ನಿನ್ ಮಗಳು’ ಅಂದಿದ್ದರು ಕುಣಿಗಲ್ಲಿನ ನಮ್ಮತ್ತೆ. ಅವಳ ಬೆರಳ ಸಂದಿಯಲ್ಲಿ ಗುಳ್ಳೆ ಎದ್ದಾಗ ನನಗೆ ಕಂಡದ್ದು ರೋಗವಲ್ಲ — ಅತ್ತೆಯ ಮುಖ. ಬೇವು, ಅರಿಶಿನ ಅರೆದು ಹಚ್ಚಿ, ತಪಾಸಣೆಯ ದಿನ ಜ್ವರ ಅಂತ ಹೇಳಿ ಮನೆಯಲ್ಲೇ ಬಿಟ್ಟು ಬಂದೆ.

‘ಕಜ್ಜಿ, ಹುಳುಕಡ್ಡಿ, ಬಿಳಿ ಮಚ್ಚೆ... ಇದಿಲ್ಲದ ಕ್ಲಾಸೇ ಇಲ್ಲ ಬಿಡಿ ಮೇಡಂ’ ಎಂದು ನಕ್ಕರು ಡಾಕ್ಟರು. ‘ಆದ್ರೆ ಕಜ್ಜಿಗೆ ಮನೆಯೋರು, ಒತ್ತಿಗೆ ಕೂರೋರು ಎಲ್ಲಾ ಒಟ್ಟಿಗೇ ಮುಲಾಮು ಹಚ್ಚಬೇಕು. ಒಬ್ರು ತಪ್ಪಿದ್ರೂ ತಿರುಗಾ ಬರತ್ತೆ.’ ಭೂಮಿಕಾಳ ಗುಳ್ಳೆ ಎದ್ದ ಕೈ ಹಿಡಿದೇ ಕೇಳಿದರು, ‘ಇವಳ ಪಕ್ಕ ಯಾರ್ ಕೂರ್ತಾರೆ?’

‘ಯಾರೂ ಇಲ್ಲ’ ಅಂದೆ.

ಭೂಮಿಕಾ ತಲೆಯೆತ್ತಿ ನನ್ನನ್ನು ನೋಡಿದಳು. ಮಿಸ್ ಹೇಳಿದ್ದಲ್ಲವೇ — ಮತ್ತೆ ತಲೆ ತಗ್ಗಿಸಿ ಮುಲಾಮಿಗೆ ಕೈ ಚಾಚಿದಳು.

ಅವಳಿಗೆ ವಾಸಿಯಾಯಿತು, ಮತ್ತೆ ಬಂತು, ಮತ್ತೆ. ಬರದೇ ಏನು? ನನ್ನ ಮಗಳು ಬೇವಿನ ವಾಸನೆ ಬೀರುತ್ತಾ ಪಕ್ಕದಲ್ಲೇ ಕೂತಿದ್ದಳು. ‘ಮಗೂಗೆ ಸರಿಯಾಗಿ ಸ್ನಾನ ಮಾಡ್ಸಮ್ಮ’ ಎಂದು ನಿಮ್ಮನ್ನು ಎಲ್ಲರೆದುರು ಗದರಿದ್ದೂ ನಾನೇ. ‘ದಿನಾ ಮಾಡುಸ್ತೀನಿ ಮೇಡಂ, ಬಟ್ಟೆನೂ ಕುದುಸ್ತೀನಿ. ಯಾಕ್ ಬತ್ತದೋ ಕಾಣೆ’ ಅಂದಿರಿ. ಯಾಕೆಂದು ನನಗೆ ಗೊತ್ತಿತ್ತು! ಆದರೂ ಅವಳನ್ನು ಕೊನೇ ಬೆಂಚಿಗೆ, ಒಬ್ಬಳನ್ನೇ ಕೂರಿಸಿದೆ. ಸಿಂಚನಾಳನ್ನು ಗುಟ್ಟಾಗಿ ತುಮಕೂರಿಗೆ ಕರೆದೊಯ್ದು ವಾಸಿ ಮಾಡಿಸಿದೆ. ಇಬ್ಬರಿಗೂ ಆಮೇಲೆ ಬರಲಿಲ್ಲ. ‘ನೋಡಿದ್ರಾ, ಶುಚಿಯಾಗಿದ್ರೆ ಸಾಕು’ ಅಂತ ನಿಮಗೇ ಉಪದೇಶ ಮಾಡಿದೆನಲ್ಲ — ಥೂ, ಈ ನಾಲಿಗೆ...

ವರ್ಷಗಳೇ ಆದವು. ಮೊನ್ನೆ ತುಮಕೂರಿನ ಬಸ್ಸಿನಲ್ಲಿ ಭೂಮಿಕಾ ಕಂಡಳು, ಕಾಲೇಜಿನ ಬ್ಯಾಗು ಹಾಕಿಕೊಂಡು. ಪಕ್ಕದ ಸೀಟು ಖಾಲಿ. ನನ್ನ ಚಾಳಿ ಬಿಡಬೇಕಲ್ಲ — ಮುಖ ತಿರುಗಿಸಬಹುದು, ಬಸ್ಸಿಗೆಲ್ಲ ಕೇಳುವ ಹಾಗೆ ಅವತ್ತಿನದನ್ನು ಎತ್ತಬಹುದು, ಎದ್ದೇ ಹೋಗಬಹುದು, ಅಂದುಕೊಂಡೆ. ಅದೊಂದೂ ಆಗಲಿಲ್ಲ. ‘ನಮಸ್ತೆ ಮಿಸ್, ಕೂತ್ಕೊಳಿ’ ಅಂದಳು. ಕಿಟಕಿಯ ಕಡೆ ಸರಿದು ಜಾಗ ಬಿಟ್ಟಳು.

ಎರಡೂ ಕೈಗಳನ್ನು ವೇಲಿನೊಳಗೆ ಎಳೆದುಕೊಂಡಳು, ಅಷ್ಟೇ.