ಹೊಗಳಲು ಬಾರದ ದಲ್ಲಾಳಿ

ನಮ್ಮ ಯಜಮಾನರು ರುದ್ರಸ್ವಾಮಿ ದನದ ದಲ್ಲಾಳಿ. ತಾಳವಾಡಿ ಸುತ್ತಮುತ್ತ ಯಾರ ಮನೆಯ ಎತ್ತು ಯಾರ ಕೊಟ್ಟಿಗೆ ಸೇರಿದರೂ ನಡುವೆ ಇವರ ಟವೆಲ್ ಇರುತ್ತದೆ. ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಮೇಲೆ ಬಾಯಲ್ಲಿ ಎತ್ತನ್ನು ಬೈಯುವುದು, ಇದೇ ಅವರ ಕಸುಬು. ಕೊಳ್ಳುವವನು ಎಂದೂ ಮಾಲನ್ನು ಹೊಗಳಬಾರದು. ಕೊಂಬು ಸೊಟ್ಟ, ಗೊರಸು ಸವೆದಿದೆ, ಸುಳಿ ಸರಿಯಿಲ್ಲ ಅಂತ ಹಳಿಯಬೇಕು. ಮಾರುವವನಿಗೂ ಗೊತ್ತು, ಇಷ್ಟು ಹೊತ್ತು ನಿಂತು ಬೈಯುತ್ತಿದ್ದಾನೆ ಅಂದರೆ ಇವನಿಗೆ ಮನಸ್ಸಾಗಿದೆ ಅಂತ. ಬೇಡದವನು ಸುಮ್ಮನೆ ಮುಂದಕ್ಕೆ ಹೋಗುತ್ತಾನೆ. ಹೊಗಳುವುದೇನಿದ್ದರೂ ಮಾರುವವನ ಕೆಲಸ.

ನಾನು ವಿಶಾಲಾಕ್ಷಮ್ಮ, ಪಣಕಹಳ್ಳಿಯ ಅಂಗನವಾಡಿ ಟೀಚರು, ಈ ಮನುಷ್ಯನ ಹೆಂಡತಿ. ದನ ಬಿಟ್ಟರೆ ಇವರಿಗಿರುವ ಇನ್ನೊಂದು ಹುಚ್ಚನ್ನು ಹೇಳಿದರೆ ಯಾರೂ ನಂಬುವುದಿಲ್ಲ. ವಿಡಿಯೋ ಗೇಮ್! ಮದುವೆಗೆ ಮುಂಚೆ ಚಾಮರಾಜನಗರದ ಕಡೆ ಸಂತೆಗೆ ಹೋದಾಗ ಜೊತೆಯವರು ಸಾರಾಯಿ ಅಂಗಡಿಗೆ ನುಗ್ಗಿದರೆ, ಇವರು ಟಿವಿ ಗೇಮ್ ಅಂಗಡಿಗೆ ಹೋಗಿ ಚಿಲ್ಲರೆ ಕೊಟ್ಟು ಬೈಕ್ ರೇಸ್ ಆಡುತ್ತಿದ್ದರಂತೆ. ಅಂಗಡಿ ಮುಚ್ಚಿತು, ಹುಚ್ಚು ಬಿಡಲಿಲ್ಲ.

ಈಗ ಮೊಬೈಲಿನಲ್ಲಿ ಒಂದು ಗುಂಪಿದೆ. ಹಳೆಯ ಕಾಲದ ಗೇಮ್ ಕ್ಯಾಸೆಟ್ಟುಗಳು, ಅದೂ ಸೀಲ್ ಒಡೆಯದವು, ಅಲ್ಲಿ ಹರಾಜಿಗೆ ಬರುತ್ತವೆ. ಬಲ್ಲವರು ಪೆಟ್ಟಿಗೆಯ ಮೂಲೆ, ಮೇಲಿನ ಪ್ಲಾಸ್ಟಿಕ್ ಎಲ್ಲ ಪರೀಕ್ಷಿಸಿ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಾಜಿನಂಥ ಡಬ್ಬಿಯೊಳಗೆ ಭದ್ರ ಮಾಡಿರುತ್ತಾರೆ. "ಎತ್ತಿನ ಬಾಯಿ ಬುಡ್ಸಿ ಆಲಲ್ಲು, ಎರಡಲ್ಲು, ಬಾಯ್ಗೂಡ್ಯದೆ ಅಂತ ವಯಸ್ಸು ಏಳಲ್ವಾ? ಅಂಗೇ ಕಣಮ್ಮಿ" ಅಂತ ನನಗೆ ಪಾಠ ಮಾಡಿದರು. ಒಡೆದು ಆಡುವಂತಿಲ್ಲ, ಗೂಡಿನಲ್ಲಿಟ್ಟು ನೋಡಬೇಕು ಅಷ್ಟೆ. ಆಡದ ಆಟ ಯಾಕ್ರೀ ಅಂದೆ. "ದ್ಯಾವ್ರ ಮನೆ ಕಳಸದ ನೀರ ಕುಡಿಯಾಕೆ ಮಡಗಿದ್ದೀಯಾ?" ಅಂದುಬಿಟ್ಟರು.

ನಾಲ್ಕಾರು ಪೆಟ್ಟಿಗೆ ಕೂಡಿಹಾಕಿದರು. ಆದರೆ ಆ ಬೈಕ್ ರೇಸ್ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಹೋದ ತಿಂಗಳು ಮೈಸೂರಿನ ಮಧುಕುಮಾರ್ ಎಂಬುವರು ಅದನ್ನೇ ಹರಾಜಿಗಿಟ್ಟರು. ಇವರು ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ಇದೊಂದು ಮನೆಗೆ ಬಂದರೆ ಸಾಕು, ಇನ್ನು ಏನೂ ಕೇಳುವುದಿಲ್ಲ ಅಂದರು. ಮುಖ ನೋಡಿದರೆ ನಿಜವೇ ಅನ್ನಿಸಿತು, ಅಯ್ಯೋ ಪಾಪ ಅಂದುಕೊಂಡೆ.

ಭಾನುವಾರ ಬೆಳಿಗ್ಗೆ ಹರಾಜು ಶುರುವಾಯಿತು. ಮಹರಾಯರು ಮಾಡಿದ್ದೇನು ಗೊತ್ತೆ? ಕಸುಬಿನ ಬುದ್ಧಿ! ಗುಂಪಿಗೆಲ್ಲ ಕೇಳುವಂತೆ ವಾಯ್ಸ್ ಮೆಸೇಜ್ ಕಳಿಸಿದರು. "ಎಡಗಡೆ ಮೂಲೆ ಮೆತ್ತಗದೆ. ಪ್ಲಾಸ್ಟಿಕ್ಕಲ್ಲಿ ಅಳದಿ ಕಾಣ್ತದೆ. ನಾಕು ಕೈ ಬದಲಾಗಿರೋ ಮಾಲು. ಸೀಲೂ ಈಚೆಗೆ ಆಕಿರಂಗದೆ."

ಸಂತೆಯಲ್ಲಾಗಿದ್ದರೆ ನಾಲ್ಕು ಜನ ನಕ್ಕು ಟವೆಲ್ ಹಾಸುತ್ತಿದ್ದರು. ಅಲ್ಲಿ ಯಾರಿಗೆ ಗೊತ್ತು ಈ ವರಸೆ? ಸೀಲ್ ನಕಲಿ ಅನ್ನುವುದು ಅವರ ಲೋಕದಲ್ಲಿ ಮಹಾಪರಾಧವಂತೆ. ಬೆಲೆ ಕೂಗುತ್ತಿದ್ದವರೆಲ್ಲ ಗಪ್‌ಚಿಪ್. ಹರಾಜು ನಿಂತೇಹೋಯಿತು.

ಸ್ವಲ್ಪ ಹೊತ್ತಿಗೆ ಮಧುಕುಮಾರರ ಫೋನ್ ಬಂತು. ಇವರು ಕೊಟ್ಟಿಗೆ ಮುಂದೆ ನಿಂತು ಸ್ಪೀಕರ್ ಹಾಕಿದರು. ನಾನು ಹಸುವಿಗೆ ಹುಲ್ಲು ಹಾಕುತ್ತಿದ್ದವಳು ಅಲ್ಲೇ ನಿಂತೆ.

"ಸರ್, ಈ ಕ್ಯಾಸೆಟ್ಟು ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮಪ್ಪ ತಂದುಕೊಟ್ಟಿದ್ದು. ಆಡೋ ಮಿಷನ್ನು ಆಮೇಲೆ ಕೊಡಿಸ್ತೀನಿ ಅಂದ್ರು, ಅವರ ಕೈಲಿ ಆಗ್ಲೇ ಇಲ್ಲ. ಅದಕ್ಕೇ ಸೀಲ್ ಒಡೆದಿಲ್ಲ. ನೀವು ನಾಲ್ಕು ಕೈ ಬದಲಾಗಿದೆ ಅಂದ್ಬಿಟ್ರಲ್ಲ, ನಾನೇನು ಮೋಸಗಾರನಾ?" ನನಗೆ ನಾಚಿಕೆಯಿಂದ ತಲೆ ತಗ್ಗಿಸುವಂತಾಯಿತು.

"ಅಂಗಲ್ಲ ಸಾರ್, ನಾವು ದನದ ಯಾಪಾರದೋರು..."

"ನಿಮ್ಮ ದನದ ಕತೆ ನನಗೆ ಬೇಡ. ಬೇರೆ ಯಾರಿಗಾದ್ರೂ ಕೊಡ್ತೀನಿ, ನಿಮಗಂತೂ ಕೊಡಲ್ಲ."

ನನಗೆ ಇವರ ಮೇಲೆ ರೇಗಿತು. "ಇಷ್ಟ ಆಯ್ತು ಅಂತ ಬಾಯ್ಬುಟ್ಟು ಏಳಿ ಅಂದ್ರೆ! ತಿಳ್ಕೊಳಾಕೆ ಅವ್ರೇನು ನಿಮ್ಮ ಟವಲ್ ಒಳಕ್ಕೆ ಕೈ ಇಕ್ಕವ್ರಾ?"

ಇವರು ಬಾಯಿ ತೆರೆದರು, ಮುಚ್ಚಿದರು. ಸಂತೆಯಲ್ಲಿ ದಿನವಿಡೀ ಒದರುವ ಗಂಡಸು, ಒಂದು ಒಳ್ಳೆ ಮಾತಿಗೆ ಬೆವತುಹೋದರು.

"ಸಾರ್... ಬೋ ಚೆಂದಾಗದೆ ಸಾರ್ ಅದು." ಒಂದು ಮಾತು ಹೊರಬಿದ್ದದ್ದೇ ತಡ, ಉಳಿದದ್ದು ತಾನಾಗಿ ಬಂತು. "ಮೂಲೆ ಒಂಚೂರೂ ಸವೆದಿಲ್ಲ. ಅಳದಿ ಗಿಳದಿ ಎಲ್ಲಾ ನನ್ ಸುಳ್ಳು, ಬೆಲೆ ಇಳೀಲಿ ಅಂತ ಅಂದದ್ದು. ಆ ಆಟದಾಗೆ ನಮ್ ದಿಂಬಂ ಘಾಟಿನಂಗೆ ಒಂದು ತಿರುವು ಬತ್ತದೆ, ಅದ್ರಿಂದಾಚೆಗೆ ನಾನು ಒಂದ್ ದಿನಾನೂ ಓಗ್ನಿಲ್ಲ. ಪಟ ನೋಡ್ದೇಟ್ಗೆ ಕಣ್ಣಲ್ ನೀರ್ ಬಂದ್ಬುಡ್ತು. ಇಷ್ಟ್ ಜ್ವಾಪಾನವಾಗಿ ಮಡಗಿದ್ದೀರಲ್ಲ, ನಿಮ್ಮಪ್ಪಾರು ಪುಣ್ಯಾತ್ಮರು."

ಆ ಕಡೆಯಿಂದ ಫೋನ್ ಇಟ್ಟ ಮೇಲೆ, ಇದನ್ನೇ ಗುಂಪಿಗೂ ಹೇಳಿ ಕಳಿಸಿ ಅಂದೆ. ಕಳಿಸಿದರು. ಎಲ್ಲರೂ ಕೈಮುಗಿಯುವ ಬೊಂಬೆ ಹಾಕಿದರು. ಹರಾಜು ಮತ್ತೆ ಶುರುವಾಗುತ್ತದೆಂದು ಇವರು ಕಾದು ಕೂತರು. ಮಧ್ಯಾಹ್ನದ ಹೊತ್ತಿಗೆ ಮಧುಕುಮಾರರೇ ಫೋನ್ ಮಾಡಿದರು. ಈ ಸಲ ದನಿ ಮೆತ್ತಗಿತ್ತು.

"ಬೇಜಾರು ಮಾಡ್ಕೋಬೇಡಿ ಸರ್. ನೀವು ಹೇಳಿದ್ದು ಕೇಳಿ ಅದನ್ನ ಮತ್ತೆ ಕೈಗೆತ್ಕೊಂಡು ನೋಡ್ದೆ. ಮಾರೋಕೆ ಮನಸ್ಸು ಬರ್ತಿಲ್ಲ. ಮನೇಲೇ ಇಟ್ಕೋತೀನಿ."

"ಮಡಿಕಳಿ ಸಾರ್, ಮಡಿಕಳಿ" ಅಂದು ಇವರು ಫೋನ್ ಇಟ್ಟರು. "ನೋಡ್ದಾ, ಎತ್ತ ಒಗಳ್ದೆ, ಒಡೆಯ ವಾಪಸ್ ಒಡ್ಕಂಡೋದ" ಅಂತ ನಕ್ಕರು. ನಗು ಅರ್ಧಕ್ಕೇ ನಿಂತಿತು.

ಊಟಕ್ಕೆ ಕೂತರು. ಮುದ್ದೆ, ಅವರೆಕಾಳು ಸಾರು. ಎರಡು ತುತ್ತು ನುಂಗಿ, ತಟ್ಟೆಯನ್ನೇ ನೋಡುತ್ತಾ ಅಂದರು: "ಸಾರು ಚೆಂದಾಗದೆ ಕಣಮ್ಮಿ."

ಈ ಮನೆಗೆ ಬಂದಾಗಿನಿಂದ ಇವರ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ. ಉಪ್ಪು ಜಾಸ್ತಿ, ಖಾರ ಕಮ್ಮಿ, ಮುದ್ದೆ ಗಂಟು, ದಿನಾ ಒಂದಲ್ಲ ಒಂದು. ಎಷ್ಟು ಸಲ ಒಳಗೆ ಹೋಗಿ ಅತ್ತಿದ್ದೆನೋ. ಈಗ ನೋಡಿದರೆ!

"ಯಾಕೆ, ನನ್ನ ಯಾರ್ಗಾರಾ ಮಾರಾಕೆ ನೋಡ್ತಿದ್ದೀರಾ?" ಅಂದೆ.

ಅವರು ಪಿಳಿಪಿಳಿ ಕಣ್ಣು ಬಿಟ್ಟರು.

"ಒಗಳೋನು ಮಾರೋನು, ಬಯ್ಯೋನು ಕೊಳ್ಳೋನು. ನೀವೇ ತಾನೆ ಏಳ್ಕೊಟ್ಟಿದ್ದು? ಇಷ್ಟ್ ವರ್ಸವೂ ನನ್ನ ಕೊಳ್ತಾನೇ ಇದ್ರಿ, ನಂಗೇ ತಿಳೀನಿಲ್ಲ. ಈಗ ಬದ್ಲಾಯಿಸ್ಬ್ಯಾಡಿ."

ಅವರು ಇನ್ನೊಂದು ತುತ್ತು ನುಂಗಿ, ಗಂಟಲು ಸರಿಮಾಡಿಕೊಂಡರು.

"ಉಪ್ಪು ಒಸಿ ಜಾಸ್ತಿಯಾಯ್ತು. ಕಾಳೂ ಬೆಂದಿಲ್ಲ."

ನಾನು ಇನ್ನೊಂದು ಸೌಟು ಬಡಿಸಿದೆ.